ಅಲ್ವೀನಾ, ಕೆಳಗಿಳಿ

ನನ್ನ ಭಾವ ಎಲ್ಡನ್ ಕ್ರೌಸ್ ಊರನ್ನು ಹೆದರಿಸುವುದನ್ನೇ ಕಸುಬು ಮಾಡಿಕೊಂಡಿದ್ದರು. ಹೀಗಂದರೆ ಅಕ್ಕನಿಗೆ ಸಿಟ್ಟು ಬರುತ್ತದೆ, ಬರಲಿ. ಪ್ರತಿ ಬುಧವಾರ ಮಧ್ಯಾಹ್ನ ಮೂರು ಗಂಟೆಗೆ ನಮ್ಮ ವೆಬರ್ ಕ್ರೀಕ್ ರೇಡಿಯೋದಲ್ಲಿ ಅರ್ಧ ಗಂಟೆ ಕೂತು, ಮಾಸ್ಕೋದವರು ಏನು ಹುನ್ನಾರ ನಡೆಸಿದ್ದಾರೆ, ವಾಷಿಂಗ್ಟನ್ನಿನವರು ನಮ್ಮ ಜೇಬಿಗೆ ಹೇಗೆ ಕೈ ಹಾಕುತ್ತಿದ್ದಾರೆ ಎಂದು ಎಳೆ ಎಳೆಯಾಗಿ ಬಿಡಿಸಿ ಹೇಳುತ್ತಿದ್ದರು. ಸರ್ಕಾರ ಚಿಕ್ಕದಿರಬೇಕು, ಸೈನ್ಯ ದೊಡ್ಡದಿರಬೇಕು, ಮನೆಮಂದಿಯೆಲ್ಲ ಒಂದೇ ಮೇಜಿಗೆ ಊಟಕ್ಕೆ ಕೂರಬೇಕು. ಇದಿಷ್ಟೂ ಅವರ ವೇದ. ಮುಕ್ಕಾಲು ಪಾಲು ನಾನೂ ಒಪ್ಪುತ್ತಿದ್ದೆ. ಉಳಿದ ಕಾಲು ಪಾಲಿಗೆ ಭಾನುವಾರ ಚರ್ಚಿನಿಂದ ಬಂದ ಮೇಲೆ ಕೋಳಿ ಊಟದ ಜೊತೆ ಜಗಳ ನಡೆಯುತ್ತಿತ್ತು.

ಲೋಕದ ರಾಜಕೀಯ ನಮ್ಮವರಿಗೆ ದೂರದ ಮಾತಲ್ಲ. ನೆಬ್ರಾಸ್ಕಾದ ಈ ಪಶ್ಚಿಮದ ತುದಿಯಲ್ಲಿ ಗೋಧಿ ಹೊಲಗಳ ಅಡಿಯಲ್ಲೇ ಸರ್ಕಾರದ ಕ್ಷಿಪಣಿಗಳು ನಿಂತಿವೆ. ಅಕ್ಕನ ಹಿತ್ತಿಲಿನಿಂದ ಒಂದು ಮೈಲಿಗೆ ತಂತಿಬೇಲಿ, ಬೇಲಿಯೊಳಗೆ ಕಾಂಕ್ರೀಟಿನ ಮುಚ್ಚಳ. ಅಲ್ಲಿಗೆ ಮಾಸ್ಕೋದವರು ಗುರಿ ಇಟ್ಟಿದ್ದಾರೆ ಎಂದು ಭಾವ ಹೇಳಿದ ರಾತ್ರಿ ನನಗೆ ನಿದ್ದೆ ಬಂದಿರಲಿಲ್ಲ. ಸುಳ್ಳೇನೂ ಹೇಳಿರಲಿಲ್ಲ, ಅದೇ ಕಷ್ಟ.

ಮೂವತ್ತು ವರ್ಷ ಟ್ರ್ಯಾಕ್ಟರಿನ ಬಿಡಿಭಾಗ ಮಾರಿದ ಮನುಷ್ಯ. ಆ ಅಂಗಡಿ ಬಿಟ್ಟ ಮೇಲೆ ದಿನಾ ಮಧ್ಯಾಹ್ನ ರೇಡಿಯೋ ನಿಲಯದಲ್ಲಿ ಒಬ್ಬರೇ ಕೂತು ಹಾಡು ಹಾಕುತ್ತಿದ್ದರು, ಗೋಧಿ ಧಾರಣೆ ಓದುತ್ತಿದ್ದರು. ಅವರ ಕುರ್ಚಿಯ ಎದುರಿಗೇ ಪಶ್ಚಿಮದ ಕಿಟಕಿ. ಆ ಕಿಟಕಿಯಿಂದಲೇ ನಮ್ಮ ಕಡೆ ಒಂದು ವಾಡಿಕೆ ಹುಟ್ಟಿಕೊಂಡಿತು.

ಅಕ್ಕ ಅಲ್ವೀನಾ ಎಂಟು ವರ್ಷದವಳಿದ್ದಾಗ ಸುಂಟರಗಾಳಿಗೆ ಹೆದರಿ ಅಂಗಳದ ನೆಲಮಾಳಿಗೆಗೆ ಇಳಿದಿದ್ದಳು. ಬಾಗಿಲ ಮೇಲೆ ಮರ ಬಿದ್ದು ಒಂದು ಹಗಲು ಒಂದು ರಾತ್ರಿ ಒಳಗೇ ಸಿಕ್ಕಿಹಾಕಿಕೊಂಡಳು. ಅಂದಿನಿಂದ ಸೈರನ್ ಕೂಗಲಿ, ಶೆರಿಫನೇ ಬಂದು ಬಾಗಿಲು ಬಡಿಯಲಿ, ಅವಳು ಇಳಿಯುವವಳಲ್ಲ. ಗಂಡ ಹೇಳಿದರೆ ಮಾತ್ರ. ಅದಕ್ಕೇ ಭಾವ ಆಕಾಶ ಕೆಟ್ಟಾಗ ಹಾಡೋ ಭಾಷಣವೋ ಅರ್ಧಕ್ಕೆ ನಿಲ್ಲಿಸಿ, “ಅಲ್ವೀನಾ, ಕೆಳಗಿಳಿ” ಅನ್ನುತ್ತಿದ್ದರು. ಅಷ್ಟೇ ಸಾಕು, ಅಕ್ಕನ ಜೊತೆ ಇಡೀ ಜಿಲ್ಲೆ ಕೆಳಗಿಳಿಯುತ್ತಿತ್ತು. ಎಲ್ಡನ್ ಹೇಳುವ ತನಕ ಕಾಫಿ ಲೋಟ ಕೆಳಗಿಡುವವರೇ ಇರಲಿಲ್ಲ.

ಎಂಬತ್ತನಾಲ್ಕನೇ ಇಸವಿಯ ಫೆಬ್ರವರಿಯಲ್ಲಿ ಭಾವನ ಗಂಟಲು ಕೂತುಹೋಯಿತು. ಶೀತ ಅಂದರು. ಒಂದು ದಿನ ನನ್ನ ಅಡುಗೆಮನೆಗೆ ಬಂದು ಟೋಪಿ ಕೈಯಲ್ಲಿ ತಿರುಗಿಸುತ್ತ ನಿಂತರು.

“ಲವೋನ್, ಬುಧವಾರ ಬುಧವಾರ ನನ್ನ ಆಸ್ಪತ್ರೆಗೆ ಕರಕೊಂಡ್ ಹೋಗ್ತೀಯಾ? ಗಂಟಲಲ್ಲಿ ಗಡ್ಡೆಯಂತೆ, ಕರೆಂಟ್ ಕೊಡ್ತಾರಂತೆ ಅದಕ್ಕೆ. ಆಮೇಲೆ ತಲೆ ಸುತ್ತುತ್ತೆ, ಗಾಡಿ ಓಡಿಸೋಕಾಗಲ್ಲ.”

“ಅಕ್ಕನಿಗೆ?”

“ಹೇಳಬೇಡ. ಅವಳು ಹೆದರ್ತಾಳೆ.”

“ಆಹಾ! ಅಣುಬಾಂಬಿನ ಕತೆ ಹೇಳುವಾಗ ಹೆದರಲ್ವಾ ಅವಳು?” ಅಂದೆ. ಟೋಪಿಯನ್ನು ಇನ್ನೊಂದು ಸುತ್ತು ತಿರುಗಿಸಿದರು ಮಹಾರಾಯ. ನಾನು ಒಪ್ಪಿಕೊಂಡೆ. ಒಪ್ಪಬಾರದಿತ್ತು.

ಮಂಗಳವಾರ ಬಿಸಿನೀರಿಗೆ ಜೇನು, ನಿಂಬೆಹಣ್ಣು ಹಿಂಡಿ ಕುಡಿದು, ನಾಲ್ಕು ಮಾತಾಡಿ ನಿಲ್ಲಿಸಿ, ಮತ್ತೆ ನಾಲ್ಕು ಮಾತಾಡಿ ಭಾಷಣವನ್ನು ಟೇಪಿನಲ್ಲಿ ಹಿಡಿಯುತ್ತಿದ್ದರು. ಕೆಮ್ಮಿದ್ದನ್ನೆಲ್ಲ ಕತ್ತರಿಸಿ ಅಂಟಿಸುತ್ತಿದ್ದರು. ಗಡಿಯಾರಕ್ಕೆ ಹೊಂದಿಸಿದ ಯಂತ್ರ ಬುಧವಾರ ಮೂರಕ್ಕೆ ಅದನ್ನು ತಾನೇ ಶುರು ಮಾಡುತ್ತಿತ್ತು. ಮಾಲೀಕ ಬುಧವಾರ ದನದ ಹರಾಜಿಗೆ ಹೋಗುವವನು. ನಿಲಯಕ್ಕೆ ಬೀಗ. ನಾಲ್ಕು ತಿಂಗಳು ಈ ಕಳ್ಳಾಟ ನಡೆಯಿತು.

ಜೂನಿನ ಆ ಬುಧವಾರ ಡಾಕ್ಟರ ಕೋಣೆಯಿಂದ ಭಾವ ಹೊರಗೆ ಬಂದಾಗ ಮುಖ ಸುಣ್ಣದಂತಿತ್ತು. “ಏನಂದ್ರು ಭಾವ?” ಅಂದೆ. ಗಾಡಿಯ ಕಡೆ ಕೈ ತೋರಿಸಿದರು. ಒಳಗೆ ಏನೋ ಕೊಳವೆ ಹಾಕಿ ನೋಡಿದ್ದರಂತೆ, ದನಿ ಪೂರಾ ಬಿದ್ದುಹೋಗಿತ್ತು.

ಊರಿಗೆ ಇಪ್ಪತ್ತೈದು ಮೈಲಿ ಇರುವಾಗ ಪಶ್ಚಿಮದ ಆಕಾಶ ಹಸಿರಾಯಿತು. ನೀಲಿಯೂ ಅಲ್ಲ, ಕಪ್ಪೂ ಅಲ್ಲ, ಮೈಗೆ ಪೆಟ್ಟು ಬಿದ್ದು ವಾರ ಕಳೆದರೆ ಆಗುತ್ತದಲ್ಲ, ಆ ಹಸಿರು. ಗಾಳಿ ನಿಂತಿತ್ತು. ಹೊಲದ ದನಗಳೆಲ್ಲ ಒಂದೇ ಮೂಲೆಗೆ ಒತ್ತರಿಸಿ ನಿಂತಿದ್ದವು. ಸುದ್ದಿ ಏನಾದರೂ ಇದೆಯೇನೋ ಎಂದು ರೇಡಿಯೋ ತಿರುಗಿಸಿದೆ. ಸರಿಯಾಗಿ ಮೂರು ಗಂಟೆ.

“ನಮಸ್ಕಾರ ನೆರೆಹೊರೆಯವರೇ,” ಅಂತು ರೇಡಿಯೋ, ಭಾವನ ಗಟ್ಟಿ ದನಿಯಲ್ಲಿ. “ನನ್ನ ಕಿಟಕಿಯಾಚೆ ಒಳ್ಳೆ ಬಿಸಿಲಿದೆ. ಆದರೆ ಮಾಸ್ಕೋ ಕಡೆಯಿಂದ ಮೋಡ ಕವಿಯುತ್ತಿದೆ...”

ನಾನು ಭಾವನ ಕಡೆ ನೋಡಿದೆ. ಅವರು ತಮ್ಮ ಬಾಯನ್ನೇ ಕೈಯಿಂದ ಮುಚ್ಚಿಕೊಂಡಿದ್ದರು.

“ಬಿಸಿಲಿದೆ ಅಂತ ಯಾಕೆ ಹೇಳಿದ್ರಿ?” ಕಿರುಚಿದೆ. “ಯಾಕೆ ಹೇಳಿದ್ರಿ?”

“ಇಲ್ಲೇ ಕೂತು ಹೇಳಿದ ಹಾಗೆ ಕೇಳಿಸಲಿ ಅಂತ,” ಎಂದು ಪಿಸುಗುಟ್ಟಿದರು.

ಕೂಡುರಸ್ತೆಯ ಪೆಟ್ರೋಲ್ ಬಂಕಿನ ಮುಂದೆ ಗಾಡಿ ನಿಲ್ಲಿಸಿ ಒಳಗೆ ಓಡಿದೆವು. ನಿಲಯಕ್ಕೆ ಫೋನು ಮಾಡಿದೆ, ರಿಂಗಾಯಿತು, ಎತ್ತುವವರು ಯಾರು? ಶೆರಿಫನ ಕಚೇರಿ ಸಿಗಲಿಲ್ಲ. ಅಕ್ಕನ ಮನೆಗೆ ಮಾಡಿದೆ. ಎಂಗೇಜ್. ಮತ್ತೆ ಮಾಡಿದೆ. ಎಂಗೇಜ್. ಭಾವನ ಭಾಷಣದ ಹೊತ್ತಿಗೆ ಜಗಳಗಂಟರು ಮನೆಗೇ ಫೋನು ಮಾಡುತ್ತಾರೆಂದು ಅಕ್ಕ ರಿಸೀವರ್ ಎತ್ತಿ ಪಕ್ಕಕ್ಕಿಡುತ್ತಿದ್ದಳು. ಅದು ಆಗ ನೆನಪಾಯಿತು. ಮಂಡಿ ಕೆಟ್ಟು ವಾಕರ್ ಹಿಡಿದು ನಡೆಯುವವಳು. ಅಡುಗೆಮನೆಯಿಂದ ನೆಲಮಾಳಿಗೆಯ ಬಾಗಿಲಿಗೆ ಹತ್ತು ನಿಮಿಷ ಬೇಕು. ಗಂಡ ಬಿಸಿಲಿದೆ ಅನ್ನುತ್ತಿದ್ದಾನೆ, ಇನ್ನೆಲ್ಲಿ ಏಳುತ್ತಾಳೆ?

ಬಂಕಿನವನು ಕಾಲು ಚಾಚಿ ಅದೇ ಭಾಷಣ ಕೇಳುತ್ತಿದ್ದ. “ಏನಮ್ಮಾ ಅಷ್ಟೊಂದು ಗಾಬರಿ? ಎಲ್ಡನ್ ಇನ್ನೂ ಹೆಂಡ್ತಿಗೆ ಇಳಿ ಅಂದಿಲ್ವಲ್ಲ.”

ಭಾವ ಅವನ ಮೇಜಿನ ಮೇಲೆ ಎರಡೂ ಕೈ ಊರಿದರು. “ನಾನೇ ಎಲ್ಡನ್,” ಅಂದರು. ಒಣ ಎಲೆ ತುಳಿದಷ್ಟೇ ಸದ್ದು.

“ನೀವು ಎಲ್ಡನ್ನಾ? ಹಂಗಾದ್ರೆ ಇವನ್ಯಾರು?” ಎಂದು ರೇಡಿಯೋ ತೋರಿಸಿ ನಕ್ಕ. ಅಷ್ಟರಲ್ಲಿ ಮೊದಲ ಆಲಿಕಲ್ಲು ತಗಡಿನ ಮೇಲೆ ಬಿತ್ತು. ಅವನ ನಗು ನಿಂತಿತು.

“ಅದು ಟೇಪು ಕಣಯ್ಯಾ ಮುಠ್ಠಾಳ! ಹೋಗಿ ಎಲ್ಲಾದ್ರೂ ಅವಿತುಕೋ!” ಎಂದು ಕೂಗಿ ನಾನು ಗಾಡಿ ಹತ್ತಿದೆ.

ಆ ಇಪ್ಪತ್ತೈದು ಮೈಲಿ ನನ್ನ ಶತ್ರುವಿಗೂ ಬೇಡ. ಆಲಿಕಲ್ಲಿಗೆ ಗಾಜು ಬಿರಿಯಿತು. ಗೋಧಿ ನೆಲಕಚ್ಚಿ ಮಲಗಿತ್ತು. ರೇಡಿಯೋ ಆರಿಸಲು ಭಾವ ಬಿಡಲಿಲ್ಲ. ಎಲ್ಲಾದರೂ ಒಂದು ಕಡೆ ತಾನು ‘ಅಲ್ವೀನಾ’ ಅನ್ನಬಹುದೇನೋ ಅನ್ನುವಂತೆ ಅದಕ್ಕೇ ಕಿವಿ ಕೊಟ್ಟು ಕೂತಿದ್ದರು. ಅದೋ, ತೆರಿಗೆಯ ಮಾತು ಮುಗಿಸಿ ಯುರೋಪಿಗೆ ಬಂದಿತ್ತು. ಸುಂಟರಗಾಳಿ ನಮ್ಮ ಎದುರಿಗೇ, ನಾಲ್ಕು ಮೈಲಿ ಮುಂದೆ, ರಸ್ತೆ ದಾಟಿ ಅಕ್ಕನ ಮನೆಯ ಕಡೆ ಹೊರಟಿತು. ನಿಧಾನಕ್ಕೆ ಹೋಗುತ್ತಿತ್ತು, ದಾರಿ ಗೊತ್ತಿದ್ದವರ ಹಾಗೆ. ನಾನು ಬಾಯಿಬಿಟ್ಟು ಅಳುತ್ತ ಗಾಡಿ ಓಡಿಸಿದೆ.

ಮನೆಗೆ ಸೂರು ಇರಲಿಲ್ಲ. ಅಡುಗೆಮನೆಯ ಗೋಡೆಯೂ ಇರಲಿಲ್ಲ, ಒಲೆ ಬಟ್ಟಬಯಲಲ್ಲಿ ನಿಂತಿತ್ತು. ಎದುರುಮನೆಯ ಮುದುಕ ಎಮಿಲ್ ಹ್ರುಸ್ಕಾ ರಸ್ತೆ ದಾಟಿ ಓಡೋಡಿ ಬಂದ. ಅವನ ಮನೆ ಇದ್ದ ಜಾಗದಲ್ಲಿ ಬರೀ ಅಡಿಪಾಯ. ಅವನಿಗೆ ಒಂದು ಗೀರೂ ಆಗಿರಲಿಲ್ಲ.

“ಅಲ್ವೀನಾ ಎಲ್ಲಿ?” ಅಂದೆ.

“ಇಳಿದಿಲ್ವಾ ಅವಳು? ಅಯ್ಯೋ, ಅವಳೇ ನಂಗೆ ಫೋನ್ ಮಾಡಿದ್ದು. ‘ರೇಡಿಯೋದಲ್ಲಿರೋದು ನನ್ನ ಗಂಡ ಅಲ್ಲ, ನಿನ್ನೆ ಹಿಡಿದಿಟ್ಟ ಟೇಪು, ಅದನ್ನ ನಂಬ್ಕೊಂಡು ಕೂರಬೇಡ, ಇಳಿ’ ಅಂದ್ಲು. ನೊವಾಕ್‌ ಮನೆಗೂ ಮಾಡಿದ್ಲಂತೆ, ಚರ್ಚಿಗೂ ಮಾಡಿದ್ಲಂತೆ, ಈ ಸಾಲಿನ ಮನೆಗಳಿಗೆಲ್ಲ ಮಾಡಿದ್ಲಂತೆ!”

ಆಗ ಗೊತ್ತಾಯಿತು ನನಗೆ, ಫೋನು ಯಾಕೆ ಎಂಗೇಜ್ ಇತ್ತು ಎಂದು. ಹತ್ತು ನಿಮಿಷ ಬೇಕಾದವಳು ಆ ಹೊತ್ತನ್ನೆಲ್ಲ ಫೋನಿನಲ್ಲಿ ಕಳೆದಿದ್ದಳು.

ವಾಕರ್ ಅಂಗಳದ ನಡುವೆ ಬೋರಲಾಗಿ ಬಿದ್ದಿತ್ತು. ನೆಲಮಾಳಿಗೆಯ ಬಾಗಿಲ ಮೇಲೆ ಸೂರಿನ ತೊಲೆ. ಎಂಟು ವರ್ಷದವಳಿದ್ದಾಗ ಮರ ಬಿದ್ದ ಹಾಗೇ. ಭಾವ ಬಾಗಿಲ ಮೇಲೆ ಬಿದ್ದು ಹೆಂಡತಿಯ ಹೆಸರು ಕೂಗಲು ಬಾಯಿ ತೆರೆದರು. ಗಾಳಿ ಮಾತ್ರ ಬಂತು. ಮತ್ತೆ ತೆರೆದರು. ಆಗದೆ ಮುಷ್ಟಿಯಿಂದ ಗುದ್ದತೊಡಗಿದರು. ಒಳಗೆ ಸದ್ದಿಲ್ಲ. ದೇವರೇ, ದೇವರೇ ಎಂದು ಲೆಕ್ಕವಿಲ್ಲದಷ್ಟು ಸಲ ಅಂದೆ. ಆಮೇಲೆ ಒಳಗಿನಿಂದ ಟಕ್, ಟಕ್ ಎಂದು ಎರಡು ಬಡಿತ.

ಮೂವರೂ ಸೇರಿ ತೊಲೆ ಸರಿಸಿ ಬಾಗಿಲು ಎತ್ತಿದೆವು. ಅಕ್ಕ ಮೂರನೇ ಮೆಟ್ಟಿಲಲ್ಲಿ ಕೂತಿದ್ದಳು. ತಲೆಗೂದಲೆಲ್ಲ ಮಣ್ಣು, ಒಂದು ತೋಳು ಸೊಟ್ಟಗೆ ಜೋತುಬಿದ್ದಿತ್ತು. ಕೈಯಲ್ಲಿ ಚಪ್ಪಲಿ, ಅದರಲ್ಲೇ ಬಾಗಿಲು ಬಡಿದಿದ್ದಳು. ನನ್ನನ್ನು ನೋಡಲೂ ಇಲ್ಲ.

“ಏನ್ರೀ,” ಅಂದಳು. “ಡಾಕ್ಟರು ಏನಂದ್ರು?”

ಭಾವ ಬಾಗಿ ಪಿಸುಗುಟ್ಟಿದರು. “ನಿಂಗೆ... ಹೇಗೆ?”

“ಬೆಳಗ್ಗೆ ತಿಂಡಿ ಹೊತ್ತಲ್ಲಿ ದನಿ ಹೊರಡದೇ ಇದ್ದವರು ಮೂರು ಗಂಟೆಗೆ ಗಂಟೆ ಬಾರಿಸಿದ ಹಾಗೆ ಮಾತಾಡಿದ್ರೆ ನಂಗೆ ಗೊತ್ತಾಗಲ್ವಾ? ಮೊದಲ ಬುಧವಾರವೇ ಗೊತ್ತಾಯ್ತು. ನಿಮ್ಮ ಕೋಟಿನ ಜೇಬಲ್ಲಿ ಆಸ್ಪತ್ರೆ ಚೀಟಿನೂ ಇತ್ತು. ಏನಂದ್ರು ಹೇಳಿ.”

“ಗಂಟಲೊಳಗಿನ ದನಿಪೆಟ್ಟಿಗೆ ತೆಗೀಬೇಕಂತೆ. ಸೋಮವಾರ.” ನಾನು ಅದನ್ನು ಕೇಳಿದ್ದೂ ಆಗಲೇ.

“ಮಾತು?”

“ಇರಲ್ಲ.”

ಮೇಲೆ ಹತ್ತು ಎಂದು ನಾನು ಕೈ ನೀಡಿದೆ. ಅಕ್ಕ ಹಿಡಿಯಲಿಲ್ಲ. ಭಾವನೇ ಮೆಟ್ಟಿಲಿಳಿದು, ಅವಳು ಜೀವಮಾನವೆಲ್ಲ ಹೆದರಿದ ಆ ಕತ್ತಲಲ್ಲಿ ಅವಳ ಪಕ್ಕ ಕೂತರು. ಇಷ್ಟು ವರ್ಷ ಊರಿಗೆಲ್ಲ ಯಾವುದಕ್ಕೆ ಹೆದರಬೇಕೆಂದು ಹೇಳಿಕೊಟ್ಟ ಮನುಷ್ಯ.

“ನಂಗೆ ಭಯ ಆಗ್ತಿದೆ ಕಣೇ,” ಅಂದರು.

“ನಂಗೂ,” ಅಂದಳು ಅಕ್ಕ. “ನಾಲ್ಕು ತಿಂಗಳಿಂದ.”