ಗಂಜಣಿ ಎಣ್ಣೆಯ ವಾಸನೆ

ಎಂಥ ಮುಲಾಮಿಗೂ ಹುಳಕಡ್ಡಿ ಬಗ್ಗುತ್ತಿಲ್ಲ ಎಂದು ಜನ ಈಗಲೂ ನನ್ನ ಹತ್ತಿರ ಬರುತ್ತಾರೆ. ಸಲಹೆಗೆ ನಾನು ಜಿಪುಣನಲ್ಲ. ಗಂಜಣಿ ಹುಲ್ಲಿನ ಎಣ್ಣೆ ಹಚ್ಚಿ ನೋಡಿ ಎನ್ನುತ್ತೇನೆ. ಬರೀ ಎಣ್ಣೆ ಚರ್ಮ ಸುಡುತ್ತದೆ, ಎಳ್ಳೆಣ್ಣೆಯಲ್ಲಿ ಬೆರೆಸಿಕೊಳ್ಳಬೇಕು. ಕಲೆ ಹೋಯಿತೆಂದು ನಡುವೆ ನಿಲ್ಲಿಸಬಾರದು.

ಬೀದರ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ನನ್ನ ತಂಗಿಯ ಮುಂಗೈ ಮೇಲೆ ಹುಳಕಡ್ಡಿ ಎದ್ದಿತ್ತು. ಆಸ್ಪತ್ರೆಯ ಮುಲಾಮು ಹಚ್ಚಿದರೆ ಬಾಡುತ್ತಿತ್ತು, ಬಿಟ್ಟರೆ ಮತ್ತೆ ಉಂಗುರ ಮೂಡುತ್ತಿತ್ತು. ಅದನ್ನು ಕಂಡೇ ಒಂದು ಸಂಬಂಧ ತಪ್ಪಿಹೋಗಿತ್ತು. ಈಗ ಭಾಲ್ಕಿಯಿಂದ ಇನ್ನೊಂದು ಬಂದಿತ್ತು. ಹುಡುಗ ಅಲ್ಲಿ ಹೊಸದಾಗಿ ತೆರೆದ ಕನ್ನಡ ಸಾಲೆಯ ಮಾಸ್ತರ. ತಂಗಿಗೆ ಓದುವ ಹುಚ್ಚು; ಇದೊಂದು ಕೂಡಿ ಬರಲಿ ಎಂದು ಅವ್ವನ ಮುಂದೆ ಬಾಯಿಬಿಟ್ಟು ಹೇಳಿದ್ದಳು.

ನಾನು ಔರಾದಿಗೆ ಹೋಗಿ, ಹುಲ್ಲಿನಿಂದ ಎಣ್ಣೆ ಭಟ್ಟಿ ಇಳಿಸುವವನೊಡನೆ ಚೌಕಾಸಿ ಮಾಡಿ, ಕಲಬೆರಕೆಯಿಲ್ಲದ ಒಂದು ಶೀಸೆ ತಂದೆ. ಕಲೆ ಹೋಯಿತು. ಭಟ್ಟಿಯವನು ಹೇಳಿದ್ದಂತೆ ತಂಗಿ ಹಚ್ಚುವುದನ್ನು ಮಾತ್ರ ಬಿಡಲಿಲ್ಲ. ಹೆಣ್ಣು ನೋಡಲು ಬಂದ ದಿನವೂ ಬಿಡಲಿಲ್ಲ.

ಹುಡುಗನ ತಾಯಿ ಕೂತವಳೇ ಮೂಗು ಅರಳಿಸಿದಳು.

“ಗಂಜಣಿ ವಾಸನಿ ಬರ್ಲಿಕತ್ತದಲ್ರಿ. ಹುಡುಗಿಗಿ ಹುಳಕಡ್ಡಿ ಅದ ಏನು?”

“ಇತ್ತರಿ, ಹೋಗ್ಯಾದ. ನೋಡ್ರಿ,” ಎಂದು ಅವ್ವ ತಂಗಿಯ ಕೈ ಚಾಚಿಸಿದಳು. ಚರ್ಮ ನುಣ್ಣಗಿತ್ತು.

“ಇವತ್ತ ಹೋಗ್ತದ, ನಾಳಿ ಬರ್ತದ. ನಮ್ಮದು ಕೂಸುಗೋಳ ಮನಿ ರಿ.”

ಹುಡುಗನ ಕಾಲರಿನ ಅಂಚಿಗೆ, ಕುತ್ತಿಗೆಯಲ್ಲಿ, ಅಂಥದ್ದೇ ಉಂಗುರ ನನಗೆ ಆಗಲೇ ಕಂಡಿತ್ತು. ಗಂಡಿಗಾದರೆ ಅದು ಸೆಕೆಯ ಗುಳ್ಳೆ, ಹೆಣ್ಣಿಗಾದರೆ ರೋಗ.

“ವಾಸನಿಗೇ ಗುರ್ತ ಹಿಡದ್ರಿ ಅವ್ವಾರ,” ಎಂದೆ. “ನಿಮ್ಮ ಮನ್ಯಾಗಿನ ಶೀಸೆ ನಮ್ಮದಕ್ಕಿಂತ ದೊಡ್ಡದೇ ಇರಬೇಕು. ಮಾಸ್ತರ ಕುತ್ತಗಿ ಒಂದಿಷ್ಟು ನೋಡ್ರಿ.”

ಹುಡುಗ ಕಾಲರ್ ಎತ್ತಿಕೊಂಡ. ಅವಲಕ್ಕಿಯ ತಟ್ಟೆಗಳು ಹಾಗೇ ಉಳಿದವು.

ಅವರು ಹೋದ ಮೇಲೆ ಒಳಗೆ ನೋಡಿದರೆ, ತಂಗಿ ಮುಂಗೈಗೆ ಸಾಬೂನು ಹಾಕಿ ಕೆಂಪಾಗುವಂತೆ ತಿಕ್ಕುತ್ತಿದ್ದಳು.

“ಬೇಪಾರದಾಗ ನೀನೇ ಗೆದ್ದಿ ಅಣ್ಣಾ,” ಎಂದಳು. “ಸರಕು ಮನ್ಯಾಗೇ ಉಳೀತು.”

ಎಣ್ಣೆಯನ್ನು ಇನ್ನೂ ಕೆಲವು ವಾರ ಹಚ್ಚಬೇಕಿತ್ತು. ಅವಳು ಶೀಸೆ ಮುಟ್ಟಲಿಲ್ಲ. ಮಳೆಗಾಲಕ್ಕೆ ಉಂಗುರ ಮರಳಿ ಬಂತು. ಊರಿಗೆಲ್ಲ ಸಲಹೆ ಕೊಡುವ ನನಗೆ, ಹಚ್ಚಿಕೋ ತಂಗಿ ಎಂದು ಅವಳಿಗೆ ಹೇಳಲು ಬಾಯಿ ಬರಲಿಲ್ಲ.