ನಕಾಶೆ ಮೇಡಂ

ರಾಣೆಬೆನ್ನೂರಿನ ದ್ರಾಕ್ಷಾಯಿಣಿಗೆ ಭೂಮಿಯೆಂದರೆ ಮೊದಲು ಬಣ್ಣ, ಆಮೇಲೆ ಮಣ್ಣು. ಉಪಗ್ರಹದ ಚಿತ್ರಗಳನ್ನು ಕಂಪ್ಯೂಟರಿಗೆ ಹಾಕಿ, ಯಾವ ಹೊಲದಲ್ಲಿ ಏನು ಬೆಳೆದೀತು, ಜಿಲ್ಲೆಯ ಜನಕ್ಕೆ ಎಷ್ಟು ಕಾಳು ಸಿಕ್ಕೀತು ಎಂದು ನಕಾಶೆ ತೆಗೆಯುವುದು ಅವಳ ನೌಕರಿ. ಅದನ್ನು ನೋಡಿಯೇ ಮೇಲಿನವರು ರೇಷನ್ನಿನ ಪಾಲು ಗೊತ್ತುಮಾಡುತ್ತಿದ್ದರು. ಬ್ಯಾಡಗಿಯ ಬಸ್ಸಿನಲ್ಲಿ ಕಿಟಕಿಯ ಸೀಟಿಗಾಗಿ ಜಗಳವನ್ನೇ ಆಡುವಳು. ತಾನು ಜೋಳವೆಂದು ಬಣ್ಣ ಬಳಿದ ಕಡೆ ಹತ್ತಿ ಕಂಡರೆ, "ಅಯ್ಯ, ಈ ಹೊಲ ನನ್ನ ಮಾತು ಕೇಳಿಲ್ಲ ನೋಡ್ರಿ!" ಎಂದು ಪಕ್ಕದವರಿಗೆ ದೂರುವಳು. ಮದುವೆಯ ಊಟಕ್ಕೆ ಕೂತರೂ ರೊಟ್ಟಿ ಮುರಿಯುವ ಮೊದಲು, "ಈ ಜ್ವಾಳ ಯಾವ ಊರಿಂದ್ರಿ?" ಎಂದು ಬಡಿಸುವವರನ್ನು ತಡೆದು ಕೇಳುವಳು. ಉತ್ತರ ವರ್ಷದಿಂದ ವರ್ಷಕ್ಕೆ ದೂರ ಸರಿಯುತ್ತಿತ್ತು: ಮೊದಲು ಪಕ್ಕದ ಹಲಗೇರಿ, ಆಮೇಲೆ ಗದಗ, ಕಡೆಗೆ ಬಿಜಾಪುರ. ಅಷ್ಟಾದರೂ ನಕಾಶೆಯ ಮೇಲಿನ ಅವಳ ನಂಬಿಕೆ ಅಲುಗಿರಲಿಲ್ಲ. ಆದರೆ ಒಮ್ಮೆ ಹಾವೇರಿಯ ಸಭೆಯಲ್ಲಿ ಆ ನಕಾಶೆ, ಜಿಲ್ಲೆಯಲ್ಲಿ ಆಹಾರ ಉಕ್ಕುತ್ತಿದೆ ಎಂದು ತೋರಿಸಿತು. ಅವಳ ಕಚೇರಿಯ ಸಾಹೇಬರು ಹಿಗ್ಗಿ, "ಭಾಳ ಛಲೋ ಆತು. ರೇಷನ್ ಕಡಿಮಿ ಮಾಡ್ರಿ ಅಂತ ಮ್ಯಾಲಿನವರಿಗೆ ಬರೀತೇನಿ" ಎಂದರು. ದ್ರಾಕ್ಷಾಯಿಣಿಗೆ ರೊಟ್ಟಿಯ ಜೋಳ ದೂರ ದೂರದ ಊರಿಂದ ಬರುತ್ತಿದ್ದುದು ನೆನಪಾಗಿ ಎದ್ದು ನಿಂತಳು. "ಬ್ಯಾಡ್ರಿ ಸರ್. ಇದರಾಗ ಅರ್ಧಕ್ಕಿಂತ ಹೆಚ್ಚು ಗೋವಿನಜ್ವಾಳ, ಅಂದ್ರ ಮೆಕ್ಕಿಜ್ವಾಳ ಐತ್ರಿ. ಕಂಪ್ಯೂಟರ್ ಅದನ್ನೂ ಮಂದಿ ಊಟ ಅಂತ ಹಿಡದೈತಿ. ಅದು ಹೋಗೋದು ಕೋಳಿ ಫಾರಂಗೆ." ಸಾಹೇಬರ ಮುಖ ಸಣ್ಣದಾಯಿತು. "ರಾಜ್ಯದ ಬಹುಮಾನಕ್ಕ ಕಳಸಬೇಕಂತ ಇಟ್ಟಿದ್ನಲ್ಲವ್ವಾ ಈ ನಕಾಶಿ." "ಕಳಸಬ್ಯಾಡ್ರಿ. ತಪ್ಪೈತಿ," ಎಂದಳು. ಬಹುಮಾನ ಬೇರೆ ಜಿಲ್ಲೆಗೆ ಹೋಯಿತು. ಹಾವೇರಿಯ ಪಡಿತರ ಮಾತ್ರ ಆ ವರ್ಷ ಒಂದು ಕಾಳೂ ಕಡಿಮೆಯಾಗಲಿಲ್ಲ.