ಮರಿಯಾಗದ ಮೊಟ್ಟೆಗಳ ಮೇಡಂ

ಬೇರೆಯವರ ಬಾಯಿಂದ ನಿಮಗೆ ಗೊತ್ತಾಗುವುದು ಬೇಡ, ನಾನೇ ಮೊದಲು ಹೇಳಿಬಿಡುತ್ತೇನೆ: ಮೇಡಂ ಅವರ ಒಂದಿಡೀ ವರ್ಷದ ಕೆಲಸವನ್ನು ನೀರಿಗೆ ಹಾಕಿದ ಮಹಾನುಭಾವ ನಾನು.

ಅವರನ್ನು ನೆನೆದರೆ ಮುಖಕ್ಕಿಂತ ಮೊದಲು ಕಾಣುವುದು ಮೊಣಕಾಲು. ಹಳೆಯ ಸ್ಕೂಟರಿನ ಟ್ಯೂಬ್ ಕತ್ತರಿಸಿ, ಎರಡು ಮಡಿಕೆ ಮಾಡಿ, ಚೂಡಿದಾರದ ಮೇಲೆ ಕಟ್ಟಿಕೊಳ್ಳುತ್ತಿದ್ದರು. ನೆಲಗುಬ್ಬಿ ಎಂಬ ಜುಟ್ಟಿನ ಹಕ್ಕಿ ಹುಲ್ಲಿನ ಬುಡದಲ್ಲಿ, ನೆಲದ ಮೇಲೆಯೇ ಮೊಟ್ಟೆ ಇಡುತ್ತದೆ. ಅದನ್ನು ನೋಡಬೇಕಾದರೆ ಮಂಡಿಯೂರದೆ ಬೇರೆ ದಾರಿಯಿಲ್ಲ. ಅರುವತ್ತು ದಾಟಿದ ಹೆಂಗಸು ಕಾದ ಮುರಕಲ್ಲಿನ ಮೇಲೆ ಮಂಡಿಯಲ್ಲಿ ಸರಿಯುವುದನ್ನು ಕಂಡು, ದನ ಮೇಯಿಸುವವರೊಬ್ಬರು ಇದು ಯಾವ ದೈವದ ಹರಕೆ ಎಂದು ನನ್ನಲ್ಲಿ ಕೇಳಿದ್ದರು. ಗುಬ್ಬಿ ದೈವದ್ದು ಎಂದು ಹೇಳಿ ಬೈಸಿಕೊಂಡಿದ್ದೆ.

ಮೇಡಂ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ, ನಿವೃತ್ತರಾಗಿ, ಶಿರ್ವದಲ್ಲಿ ತಂಗಿಯ ಜೊತೆ ಇದ್ದರು. ನಾನು ಅವರ ವಿಷಯದಲ್ಲಿ ಎರಡು ಸಲ ಫೇಲಾದವನು. ಅವರ ಸ್ವರ ತೆಗೆಯುವುದರಲ್ಲಿ ಮಾತ್ರ ಫಸ್ಟ್ ಕ್ಲಾಸ್. ಉಡುಪಿ, ಮಣಿಪಾಲದ ಮೆಹಂದಿ ಕಾರ್ಯಕ್ರಮಗಳಲ್ಲಿ ಮಿಮಿಕ್ರಿ ಮಾಡುತ್ತಿದ್ದವನಿಗೆ ಹಗಲು ಖಾಲಿ. ಹಾಗಾಗಿ ಕಾಪುವಿನಿಂದ ಸ್ಕೂಟರಿನಲ್ಲಿ ಹೊರಟು, ಶಿರ್ವದಲ್ಲಿ ಅವರನ್ನು ಹತ್ತಿಸಿಕೊಂಡು, ಬೆಳ್ಮಣ್ ದಾಟಿ, ಕಾರ್ಕಳದ ಹತ್ತಿರದ ಒಂದು ಬೋಳು ಗುಡ್ಡೆಗೆ ಮುಟ್ಟಿಸುವುದು ನನ್ನ ಪಾಲಿಗೆ ಬಂತು. ಗುಡ್ಡೆಯಲ್ಲಿ ನಾನು ನೆಲಗುಬ್ಬಿಯ ಹಾಗೆ ಕೂಗಿದರೆ ಗಂಡುಗಳು ಸಿಟ್ಟಿನಿಂದ ಉತ್ತರ ಕೊಡುತ್ತಿದ್ದವು. ಮೇಡಂ ಬಾಯಿ ಮುಚ್ಚಿಸುತ್ತಿದ್ದರು: "ಅವಕ್ಕೆ ಸಂಸಾರ ಉಂಟು ಮಾರಾಯ, ನಿನ್ನ ಹಾಗೆ ಅಲ್ಲ."

ಆ ಗುಡ್ಡೆಯ ಸುತ್ತ ಕಲ್ಲುಕೋರೆ, ರಬ್ಬರು, ಹೊಸ ಸೈಟುಗಳು. ನಡುವೆ ಬೆರಳಲ್ಲಿ ಎಣಿಸುವಷ್ಟು ಜೋಡಿಗಳು ಉಳಿದಿದ್ದವು. ಅವು ಮೊಟ್ಟೆ ಇಡುತ್ತಿದ್ದವು, ಕಾವು ಕೊಡುತ್ತಿದ್ದವು, ಎಷ್ಟೋ ಮೊಟ್ಟೆಗಳು ಮರಿಯಾಗುತ್ತಲೇ ಇರಲಿಲ್ಲ. ಯಾಕೆ ಎನ್ನುವುದೊಂದೇ ಮೇಡಂ ಅವರ ಪ್ರಶ್ನೆ. ಹಿಂದಿನ ಸೀಟಿನಿಂದ ಗಾಳಿಗೆ ಎದುರಾಗಿ ಕೂಗಿ ನನಗೆ ಪಾಠ ಮಾಡುತ್ತಿದ್ದರು. ಪ್ರತಿ ಜೀವಿಯ ಜೀನುಗಳಲ್ಲೂ ಕೆಲವು ಕೆಟ್ಟ ತಪ್ಪುಗಳು ಅಡಗಿರುತ್ತವಂತೆ. ದೂರದ ಜೋಡಿ ಸಿಕ್ಕಿದರೆ ಒಂದರ ತಪ್ಪನ್ನು ಇನ್ನೊಂದರ ಸರಿ ಮುಚ್ಚುತ್ತದೆ. ಅಣ್ಣ ತಂಗಿಯೇ ಜೋಡಿಯಾದರೆ ಒಂದೇ ತಪ್ಪು ಎರಡೂ ಕಡೆಯಿಂದ ಬಂದು ಸೇರುತ್ತದೆ, ಮರಿ ಚಿಪ್ಪಿನೊಳಗೇ ಸೋಲುತ್ತದೆ. ಹೊರಗೆ ಬಂದರೂ ಮೊದಲ ಮಳೆಗಾಲ ದಾಟುವಷ್ಟು ತ್ರಾಣ ಅದಕ್ಕಿರುವುದಿಲ್ಲ. "ನಮ್ಮಲ್ಲಿ ಮದುವೆಗೆ ಮೊದಲು ತಾಯಿ ಕಡೆಯ ಬಳಿ ಯಾವುದು, ಕುಲ ಯಾವುದು ಅಂತ ಕೇಳ್ತಾರೆ. ಈ ಪಾಪದವಕ್ಕೆ ಕೇಳ್ಲಿಕ್ಕೆ ಹಿರಿಯರಿಲ್ಲ, ಹೊರಗಿನ ಸಂಬಂಧ ಬರ್ಲಿಕ್ಕೆ ದಾರಿ ಇಲ್ಲ." ನಾವು ಬಳಿ ಕೇಳಿಯೂ ಮಾವನ ಮಗಳನ್ನೇ ಕಟ್ಟಿಕೊಳ್ಳುತ್ತೇವಲ್ಲ ಎಂದೆ. ಬೆನ್ನಿಗೆ ಗುದ್ದು ಬಿತ್ತು.

ಯಾವ ಹಕ್ಕಿ ಯಾವ ಮನೆಯದು ಎಂದು ತಿಳಿಯಲು, ಅನುಮತಿ ಪಡೆದು, ಒಂದೊಂದು ಗೂಡಿನ ಮರಿಗಳ ಕಾಲಿಗೆ ಒಂದೊಂದು ಬಣ್ಣದ ರಿಂಗ್ ಹಾಕಿದ್ದರು. ಜೋಡಿಯ ಎರಡಕ್ಕೂ ಒಂದೇ ಬಣ್ಣವಿದ್ದರೆ ಅಣ್ಣ ತಂಗಿ ಎಂದು ಲೆಕ್ಕ. ಆ ವರ್ಷ ಗುಡ್ಡೆಯಲ್ಲಿ ಹೆಚ್ಚಿನವು ಕೆಂಪು ಮತ್ತು ಹಸಿರು ಮನೆತನದವು. ಮೇಡಂ ಅವರ ಮೊಣಕಾಲು ಪೂರ್ತಿ ಕೈಕೊಟ್ಟಿತ್ತು. ಅವರು ಗೇರುಮರದ ಅಡಿಯಲ್ಲಿ ಪುಸ್ತಕ ಹಿಡಿದು ಕೂರುವುದು, ನಾನು ದುರ್ಬೀನಿನಲ್ಲಿ ನೋಡಿ ಬಣ್ಣ ಕೂಗುವುದು.

ನನಗೆ ಕೆಂಪು, ಹಸಿರು ಬೇರೆ ಬೇರೆಯಾಗಿ ಕಾಣುವುದಿಲ್ಲ. ಎರಡೂ ಒಂದೇ ಕೊಳೆ ಬಣ್ಣ. ನನ್ನ ಸೋದರಮಾವನಿಗೂ ಹಾಗೆಯೇ, ಕೆಂಪು ಹರಿವೆ ತರಲು ಕಳಿಸಿದರೆ ಹಸಿರು ತರುವವರು. ಮಾವನದ್ದು ಅಳಿಯನಿಗೆ ಸೇರಬೇಕೆಂಬ ಅಳಿಯಕಟ್ಟು ನಮ್ಮಲ್ಲಿತ್ತಲ್ಲ. ಗದ್ದೆ ಯಾರ್ಯಾರಿಗೋ ಹೋಯಿತು, ಕಣ್ಣು ಮಾತ್ರ ತಪ್ಪದೆ ನನಗೆ ಬಂತು. ಹೇಳಿದರೆ ಮೇಡಂ ಬೇರೆಯವರನ್ನು ಹುಡುಕಿಯಾರು ಎಂಬ ಹೆದರಿಕೆ. ಅಂದಾಜಿಗೆ ಕೂಗಿದೆ, ಅದೂ ರೇಡಿಯೋದಲ್ಲಿ ವಾರ್ತೆ ಓದುವವರ ಸ್ವರದಲ್ಲಿ. ಅವರು ನಗುತ್ತ ಬರೆದುಕೊಂಡರು.

ಕೊನೆಗೆ ನೋಡಿದರೆ ಎಲ್ಲ ಉಲ್ಟಾ. ನನ್ನ ಬಣ್ಣಗಳ ಪ್ರಕಾರ ಅಣ್ಣ ತಂಗಿಯರ ಗೂಡುಗಳಲ್ಲಿ ಮರಿಗಳು, ಹೊರಗಿನ ಜೋಡಿಗಳಲ್ಲಿ ಕೊಳೆತ ಮೊಟ್ಟೆಗಳು. ಮೇಡಂ ಮೂರು ದಿನ ಹಳೆಯ ಪುಸ್ತಕಗಳನ್ನೆಲ್ಲ ತೆಗೆದು ಲೆಕ್ಕ ತಾಳೆ ನೋಡಿದರು. ನಾಲ್ಕನೆಯ ದಿನ, ಹಕ್ಕಿ ಸುಳ್ಳು ಹೇಳುವುದಿಲ್ಲ, ಇಷ್ಟು ವರ್ಷ ತಾನು ಯೋಚಿಸಿದ್ದೇ ತಪ್ಪಿರಬೇಕು ಎಂದರು. ಹಾಗೆಂದು ಬರೆಯಲೂ ಕೂತರು. ಅವರು ತಮ್ಮ ಮಾತನ್ನೇ ತಾವು ಹೊಡೆದು ಹಾಕುವುದನ್ನು ನೋಡುತ್ತ ನಾನು ಸುಮ್ಮನೆ ಚಹಾ ಕುಡಿದೆ.

ಬರೆದು ಮುಗಿಸುವ ಮೊದಲು ಒಮ್ಮೆ ಕಣ್ಣಾರೆ ನೋಡಬೇಕೆಂದು ಟ್ಯೂಬ್ ಕಟ್ಟಿಕೊಂಡು ಗುಡ್ಡೆ ಹತ್ತಿದರು. ದುರ್ಬೀನಿನಲ್ಲಿ ನೋಡಿ, ನನಗೂ ಕೊಟ್ಟು, ಆ ಕಲ್ಲಿನ ಮೇಲೆ ಕೂತದ್ದರ ರಿಂಗ್ ಎಂತ ಬಣ್ಣ ಎಂದು ಕೇಳಿದರು. ಹಸಿರು ಎಂದೆ. ದುರ್ಬೀನು ತೆಗೆದುಕೊಂಡು, ಚೀಲದಿಂದ ಎರಡು ಪೆನ್ನು ತೆಗೆದು ನನ್ನ ಮುಂದೆ ಹಿಡಿದರು. ಇದರಲ್ಲಿ ಕೆಂಪು ಯಾವುದು ತೋರಿಸು ಎಂದರು. ಎರಡೂ ನನಗೆ ಒಂದೇ ಕೊಳೆ ಬಣ್ಣ.

ಬೈಯಲಿಲ್ಲ. ಕಲ್ಲಿನ ಮೇಲೆ ಕೂತು, ಆ ವರ್ಷದ ಪುಟಗಳಿಗೆ ಒಂದೊಂದಾಗಿ ಅಡ್ಡಗೆರೆ ಎಳೆದರು. ಒಂದನ್ನೂ ಹರಿಯಲಿಲ್ಲ.

ಇನ್ನು ಕರೆಯುವುದಿಲ್ಲ ಎಂದುಕೊಂಡೆ. ಮರುದಿನ ಬೆಳಿಗ್ಗೆ ಫೋನು: "ಎಂತ, ಬರುವುದಿಲ್ವಾ? ಬಿಸಿಲು ಏರ್ತದೆ." ಅಂದು ನನ್ನನ್ನು ಹಕ್ಕಿಗಳಿಗೆ ಬೆನ್ನು ಹಾಕಿ ಕೂರಿಸಿದರು. ಹಾಡು ಕೇಳಿ ಯಾವ ಗಂಡು ಎಂದು ನಾನು ಹೇಳಬೇಕು, ರಿಂಗ್ ನೋಡಿ ಅವರು ತಾಳೆ ಹಾಕಬೇಕು. ಒಂದೂ ತಪ್ಪಲಿಲ್ಲ. ಮುಂದಿನ ವರ್ಷ ಹಾಗೆಯೇ ಕೆಲಸ ಮಾಡಿದೆವು, ನಾನು ಕಿವಿ, ಅವರು ಕಣ್ಣು. ಆ ವರ್ಷ ಅಣ್ಣ ತಂಗಿಯರ ಗೂಡುಗಳಲ್ಲಿ ಮೊಟ್ಟೆಗಳು ಹಾಗೇ ಉಳಿದವು. ಅವರು ಹೇಳಿದ್ದೇ ಸರಿ ಎಂದು ನಾನು ಕುಣಿದರೆ, ಮರಿಯಾಗದ ಮೊಟ್ಟೆಯೊಂದನ್ನು ಅಂಗೈಯಲ್ಲಿಟ್ಟು ನೋಡುತ್ತ, ಇದರಲ್ಲಿ ಖುಷಿಪಡ್ಲಿಕ್ಕೆ ಎಂತ ಉಂಟು ಎಂದರು. ಒಂದು ವರ್ಷದ ಲೆಕ್ಕ ಸಾಕಾಗುವುದಿಲ್ಲ, ಇನ್ನೊಂದು ಬೇಕು ಎಂದೂ ಹೇಳಿದರು. ಆ ಇನ್ನೊಂದು ವರ್ಷಕ್ಕೆ ನಾನು ಆಗಲೇ ಅಡ್ಡಗೆರೆ ಹಾಕಿಸಿದ್ದೆ. ಬಂದ ಮಳೆಗಾಲದಲ್ಲಿ ಮೇಡಂ ತೀರಿಹೋದರು. ಅವರ ಬರಹ ಅರ್ಧಕ್ಕೇ ನಿಂತಿದೆ.

ಈಗಲೂ ಗುಡ್ಡೆಗೆ ಹೋಗುತ್ತೇನೆ. ಬೆಳ್ಮಣ್‌ನಲ್ಲಿ ತನ್ನಷ್ಟಕ್ಕೆ ಸ್ಕೂಟರ್ ನಿಧಾನವಾಗುತ್ತದೆ. ಚಹಾಕ್ಕೆ ನಿಲ್ಲಿಸೆಂದು ಅವರು ಬೆನ್ನು ತಟ್ಟುತ್ತಿದ್ದ ಜಾಗ ಅದು. ಅವರ ಸ್ವರ ಈಗಲೂ ನನಗೆ ಚೆನ್ನಾಗಿ ಬರುತ್ತದೆ. ಆ ಸ್ವರದಲ್ಲಿ ಹೊಸ ಮಾತು ಮಾತ್ರ ಬರುವುದಿಲ್ಲ. ಹಳೆಯವನ್ನೇ ತಿರುಗಿ ತಿರುಗಿ ಹೇಳಿಕೊಳ್ಳುತ್ತೇನೆ.

ಕೊನೆಯ ಸಲ ಶಿರ್ವದ ಮನೆಯಲ್ಲಿ ನೋಡಿದಾಗ ಮಂಚದಲ್ಲಿದ್ದರು. ನಗಿಸಬೇಕೆಂದು, ನನ್ನ ಕೆಟ್ಟ ಜೀನು ನಿಮ್ಮ ವರ್ಷ ತಿಂದಿತಲ್ಲ ಮೇಡಂ, ಹಕ್ಕಿಯಾಗಿದ್ದರೆ ನಾನು ಮೊಟ್ಟೆಯಲ್ಲೇ ಉಳಿಯುತ್ತಿದ್ದೆ ಎಂದೆ. ನಗಲಿಲ್ಲ. ನನ್ನನ್ನೇ ನೋಡಿ ಹೇಳಿದರು:

"ಕಣ್ಣಿನ ಮೇಲೆ ಹಾಕಬೇಡ ಮಾರಾಯ, ಅದು ಮಾವ ಕೊಟ್ಟದ್ದು. ಊರಿಡೀ ಜನರ ಸ್ವರದಲ್ಲಿ ಮಾತಾಡ್ತೀ. ನನಗೆ ಕಾಣುವುದಿಲ್ಲ ಮೇಡಂ ಅಂತ ನಿನ್ನ ಸ್ವರದಲ್ಲಿ ಹೇಳ್ಲಿಕ್ಕೆ ಯಾವ ಜೀನು ಅಡ್ಡ ಬಂತು?"